ರೆಡ್‌ವುಡ್ ಸಿಟಿಯಲ್ಲಿ ಇಳಿದರೆ ಮೈಂಜ್

ತಿರುಮಲೇಶ ಜರ್ಮನಿಯಲ್ಲಿ ಇದ್ದದ್ದು ಒಂದು ಚಳಿಗಾಲ ಮಾತ್ರ. ಆದರೆ ಅವನು ಮೌಂಟನ್ ವ್ಯೂಗೆ ಬಂದು ನೆಲೆಸಿದ ಮೇಲೆ ಆ ಚಳಿಗಾಲ ವರ್ಷದಿಂದ ವರ್ಷಕ್ಕೆ ಉದ್ದವಾಗುತ್ತಾ ಹೋಗಿ, ೧೯೮೬ರ ಹೊತ್ತಿಗೆ ‘ನಾವು ಯೂರೋಪಿನಲ್ಲಿದ್ದ ಕಾಲ’ ಎಂದು ಕರೆಸಿಕೊಳ್ಳುವಷ್ಟು ಬೆಳೆದಿತ್ತು. ಕನ್ನಡ ಕೂಟದ ಯುಗಾದಿ ಊಟದಲ್ಲಿ ಯಾರಾದರೂ ಫ್ರೀವೇಯ ಟ್ರಾಫಿಕ್ಕಿನ ಬಗ್ಗೆ ಗೊಣಗಿದರೆ ಸಾಕು, ಒಬ್ಬಟ್ಟನ್ನು ತಟ್ಟೆಯಲ್ಲೇ ಬಿಟ್ಟು ಹೇಳುತ್ತಿದ್ದ: “ಜರ್ಮನಿಯಲ್ಲಿ ರೈಲು ನೋಡ್ಕೊಂಡು ಜನ ವಾಚು ಸರಿ ಮಾಡ್ಕೋತಾರೆ ರೀ.” ಸ್ಟುಟ್‌ಗಾರ್ಟಿನಲ್ಲಿ ಅವನ ಕೋಣೆಯಿಂದ ಕಾರ್ಖಾನೆಗೆ ನಡೆದೇ ಹೋಗಬಹುದಾಗಿತ್ತು ಎನ್ನುವುದನ್ನು ಅವನು ಯಾರಿಗೂ ಹೇಳಿರಲಿಲ್ಲ. ಯಾರೂ ಕೇಳಿರಲಿಲ್ಲವಾದ್ದರಿಂದ ಇದನ್ನು ಸುಳ್ಳು ಎನ್ನಲಾಗದು.

ಇಂಥವನ ಅಪಾರ್ಟ್‌ಮೆಂಟಿಗೆ ಮೈಸೂರಿನಿಂದ ಮಾವ ಶೇಷಾದ್ರಿಗಳು ಬಂದರು. ಭೂಗೋಳದ ಮೇಷ್ಟರಾಗಿ ನಿವೃತ್ತರಾದವರು. ಕೆಲಸದಲ್ಲಿದ್ದಷ್ಟು ಕಾಲವೂ ರೈನ್ ನದಿಯನ್ನು ಆಲ್ಪ್ಸ್ ಪರ್ವತದಿಂದ ಸಮುದ್ರದವರೆಗೆ ಸೀಮೆಸುಣ್ಣ ಎತ್ತದೆ ಒಂದೇ ಗೆರೆಯಲ್ಲಿ ಎಳೆದವರು. ನದಿಯನ್ನು ಕಂಡವರಲ್ಲ. ಮಗಳ ಮನೆಯ ವಾಸ ಮುಗಿದು ಹೊರಡುವ ಹೊತ್ತಿಗೆ, ಅವರ ವಿಮಾನ ಫ್ರಾಂಕ್‌ಫರ್ಟಿನ ಮೂಲಕ ಹೋಗುತ್ತದೆಂದು ತಿಳಿಯಿತು. ಆ ದಿನ ಅವರು ಹುಳಿಗೆ ಉಪ್ಪು ಸಾಲದಿದ್ದುದನ್ನೂ ಗಮನಿಸಲಿಲ್ಲ.

“ಊರ್ಮಿಳಾ, ಅಲ್ಲಿ ಒಂದು ವಾರ ಇಳಿದುಬಿಡ್ತೀನಿ ಕಣಮ್ಮ,” ಅಂದರು. “ರೈಲಲ್ಲಿ ಹೋಗಿ ರೈನ್ ನೋಡ್ಕೊಂಡು ಬರ್ತೀನಿ.”

“ಒಬ್ಬನೇನಾ?”

“ನದಿ ಇರತ್ತಲ್ಲ ಜೊತೆಗೆ.”

ಊರ್ಮಿಳಾ ಇದನ್ನು ಒಪ್ಪದಿರುವುದಕ್ಕೆ ಕಾರಣವಿತ್ತು. ಹಿಂದಿನ ವಾರವಷ್ಟೇ ಶೇಷಾದ್ರಿಗಳು ಗ್ರೋಸರಿ ಅಂಗಡಿಯ ಪಾರ್ಕಿಂಗ್ ಲಾಟಿನಲ್ಲಿ ಯಾರದೋ ಕಂದು ಬಣ್ಣದ ಟೊಯೋಟಾದೊಳಗೆ ಕೂತು, ಬೆಲ್ಟು ಕಟ್ಟಿಕೊಂಡು, ಆ ಕಾರಿನ ಒಡೆಯ ಬಂದು ಬಾಗಿಲು ತೆಗೆದಾಗ “ಯಾಕೆ ಇಷ್ಟು ತಡ?” ಎಂದು ಕೇಳಿದ್ದರು.

“ನಮ್ಮನೆ ಕಾರೇ ಗುರುತು ಹಿಡಿಯಲ್ಲ. ಜರ್ಮನಿಯಲ್ಲಿ ರೈಲು ಗುರುತು ಹಿಡೀತೀಯಾ ಅಪ್ಪ?”

“ಕಾರಿನ ಮೇಲೆ ಎಲ್ಲಿಗೆ ಹೋಗತ್ತೆ ಅಂತ ಬರೆದಿರಲ್ಲ. ರೈಲಿನ ಮೇಲೆ ಬರೆದಿರ್ತಾರೆ.”

ತಿರುಮಲೇಶ ಪೇಪರು ಮಡಿಚಿಟ್ಟ. ಬಹುಕಾಲದಿಂದ ದೇಶ ತನ್ನನ್ನು ಕರೆಯಲೆಂದು ಕಾಯುತ್ತಿದ್ದವನ ಗಾಂಭೀರ್ಯ ಅವನ ಮುಖದಲ್ಲಿತ್ತು. “ನಾನು ತಯಾರು ಮಾಡ್ತೀನಿ ಮಾವನ್ನ. ಯೂರೋಪಿನ ರೈಲು ಅಂದ್ರೆ ಒಂದು ಶಿಸ್ತು. ಅದನ್ನ ಕಲಿಸಬಹುದು.”

ಊರ್ಮಿಳಾ ಇಬ್ಬರನ್ನೂ ನೋಡಿದಳು. ಅವಳು ಆಸ್ಪತ್ರೆಯ ಪ್ರಯೋಗಾಲಯದಲ್ಲಿ ಕೆಲಸ ಮಾಡುತ್ತಿದ್ದಳು. ಪರೀಕ್ಷಿಸದೆ ಯಾವುದನ್ನೂ ನಂಬುವ ಅಭ್ಯಾಸ ಇರಲಿಲ್ಲ. “ಸರಿ. ಪರೀಕ್ಷೆ ಆಗ್ಲಿ. ಪಾಸಾದ್ರೆ ಒಂದು ವಾರ ಜರ್ಮನಿ. ಫೇಲಾದ್ರೆ ಸೀದಾ ಬೊಂಬಾಯಿ. ಆಮೇಲೆ ಇಬ್ಬರೂ ಮುಖ ಊದಿಸ್ಕೊಂಡು ಕೂತ್ಕೋಬಾರ್ದು.”

ಪರೀಕ್ಷೆ ಎಂಬ ಪದ ಕಿವಿಗೆ ಬಿದ್ದೊಡನೆ ಶೇಷಾದ್ರಿಗಳ ಬೆನ್ನು ತಾನಾಗಿಯೇ ನೆಟ್ಟಗಾಯಿತು.

*

ಸ್ಯಾನ್ ಹೋಸೆಯಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ದಿನವೂ ಹೋಗಿಬರುವ ರೈಲೊಂದು ಇತ್ತು. ಕಾರು ಕೆಟ್ಟವರೂ, ಕಾರಿಲ್ಲದವರೂ, ಕಾರನ್ನು ದ್ವೇಷಿಸುವ ಒಂದಿಬ್ಬರೂ ಅದರಲ್ಲಿ ಓಡಾಡುತ್ತಿದ್ದರು. ತಿರುಮಲೇಶ ಅದನ್ನು ಜರ್ಮನಿಗೆ ಎರವಲು ಪಡೆದ. ಡೈನಿಂಗ್ ಟೇಬಲ್ಲಿನ ಮೇಲೆ ನಕ್ಷೆ ಹರಡಿ ಹೇಳಿದ: “ನೋಡಿ ಮಾವ. ಸ್ಯಾನ್ ಹೋಸೆ ಅಂದ್ರೆ ಮ್ಯೂನಿಕ್. ನಮ್ಮ ಮೌಂಟನ್ ವ್ಯೂ ಸ್ಟುಟ್‌ಗಾರ್ಟ್. ಪಾಲೋ ಆಲ್ಟೋ ಹೈಡಲ್‌ಬರ್ಗ್, ಎರಡೂ ಕಡೆ ಯೂನಿವರ್ಸಿಟಿ ಇದೆ. ರೆಡ್‌ವುಡ್ ಸಿಟಿ ಮೈಂಜ್. ಅಲ್ಲಿ ಇಳಿದು ರೈಲು ಬದಲಾಯಿಸ್ತೀರಿ. ಕೊನೇ ಸ್ಟೇಷನ್ ಸ್ಯಾನ್ ಫ್ರಾನ್ಸಿಸ್ಕೋ, ಅದು ಕಲೋನ್.”

ಶೇಷಾದ್ರಿಗಳು ಕನ್ನಡಕ ಹಾಕಿಕೊಂಡು ತಪ್ಪು ಹುಡುಕಿದರು. ಸಿಗಲಿಲ್ಲ. “ದಿಕ್ಕು ವಾಯವ್ಯ. ಅಲ್ಲೂ ವಾಯವ್ಯವೇ. ಮೈಂಜ್ ಆದ ಮೇಲೆ ನದಿ ಬಲಗಡೆ ಬರಬೇಕು, ಇಲ್ಲಿ ಬಲಗಡೆ ಕೊಲ್ಲಿ ಇದೆ.” ಅಳಿಯನನ್ನು ಮೊದಲ ಬಾರಿಗೆ ಮೆಚ್ಚುಗೆಯಿಂದ ನೋಡಿದರು. “ಪರವಾಗಿಲ್ಲ ಅಳಿಯಂದಿರೇ. ಚೆನ್ನಾಗಿ ಜೋಡಿಸಿದ್ದೀರಿ.”

ಮೇಲಿನ ಅಪಾರ್ಟ್‌ಮೆಂಟಿನ ದೇವದಾಸ್ ಏಣಿ ಕೇಳಲು ಬಂದವರು ಏಣಿಯನ್ನು ಮರೆತು ನಿಂತರು. ಮಂಗಳೂರಿನವರು, ಗ್ರೀನ್ ಕಾರ್ಡಿನ ಸಂದರ್ಶನಕ್ಕಾಗಿ ಕಾಯುತ್ತಿದ್ದುದರಿಂದ ಆ ವರ್ಷ ಎಲ್ಲದಕ್ಕೂ ಹೆದರುತ್ತಿದ್ದರು. “ಎಂಥದು ಮಾರಾಯ್ರೆ ಇದು? ರೆಡ್‌ವುಡ್ ಸಿಟಿಯವರನ್ನು ಕೇಳಿದ್ದೀರಾ, ಜರ್ಮನಿ ಆಗ್ಲಿಕ್ಕೆ ಅವರಿಗೆ ಒಪ್ಪಿಗೆ ಉಂಟಾ ಅಂತ?”

“ಗೇಲಿ ಮಾಡ್ಬೇಡಿ ದೇವದಾಸ್. ಇದು ವೈಜ್ಞಾನಿಕ ವಿಧಾನ,” ಎಂದು ತಿರುಮಲೇಶ ನಿಯಮಗಳಿಗೆ ಬಂದ. “ಒಂದು, ರೈಲು ಹತ್ತಿದ ಮೇಲೆ ಈ ಸ್ಟೇಷನ್ನುಗಳ ಅಮೆರಿಕದ ಹೆಸರು ಬಾಯಲ್ಲಿ ಬರಬಾರ್ದು. ಎರಡು, ಸ್ಟೇಷನ್ನಲ್ಲಿ ನಿಮ್ಮ ಭಾಷೆ ಮಾತಾಡ್ಕೊಂಡು ಹತ್ತಿರ ಬರೋರನ್ನ ನಂಬಬಾರ್ದು. ಅಂಥವರೇ ಪಾಸ್‌ಪೋರ್ಟು ಹೊಡೆಯೋದು. ಮೂರನೇದು ಮುಖ್ಯ. ನಾನು ಅದೇ ರೈಲಲ್ಲಿ ಬೇರೆ ಡಬ್ಬಿಯಲ್ಲಿರ್ತೀನಿ, ನೋಡೋಕೆ ಮಾತ್ರ. ನೀವು ನನ್ನ ಗುರುತು ಹಿಡೀಬಾರ್ದು. ಜರ್ಮನಿಯಲ್ಲಿ ನಿಮಗೆ ಅಳಿಯ ಅಂತ ಯಾರೂ ಇಲ್ಲ.”

“ನೀವೇ ಬಂದು ಮಾತಾಡಿಸಿದ್ರೆ?”

“ಅದು ನಿಮ್ಮನ್ನ ಬೀಳಿಸೋಕೆ ಕೇಳಿದ ಪ್ರಶ್ನೆ ಅಂತ ತಿಳ್ಕೊಳಿ. ನಾನು ಕಾಲಿಗೆ ಬಿದ್ರೂ ಒಪ್ಪಬೇಡಿ.”

“ಹಾಗಾದ್ರೆ ಪರೀಕ್ಷೆ ಮುಗೀತು ಅಂತ ಹೇಳೋರು ಯಾರು?”

“ನಾನು,” ಎಂದಳು ಊರ್ಮಿಳಾ ಅಡಿಗೆಮನೆಯಿಂದ. “ಫಲಿತಾಂಶ ಹೇಳೋದು ನಾನೊಬ್ಬಳೇ. ನೀವಿಬ್ಬರೂ ಸೇರ್ಕೊಂಡು ನಂಬರ್ ಹಾಕ್ಕೊಳ್ಳೋದು ಬೇಡ.”

*

ಶನಿವಾರ ಬೆಳಿಗ್ಗೆ ಶೇಷಾದ್ರಿಗಳು ಕೋಟು ತೊಟ್ಟು, ಕೈಚೀಲದಲ್ಲಿ ಪುಳಿಯೋಗರೆಯ ಡಬ್ಬಿಯನ್ನೂ ಕೋಡುಬಳೆಯನ್ನೂ ಇಟ್ಟುಕೊಂಡು ಸ್ಟುಟ್‌ಗಾರ್ಟಿನಿಂದ ಹೊರಟರು. ತಿರುಮಲೇಶ ರೈಲಿನ ಬೇರೊಂದು ಡಬ್ಬಿ ಹತ್ತಿದ. ಗುರುತು ಸಿಗದಿರಲೆಂದು ಕಪ್ಪು ಕನ್ನಡಕ ಹಾಕಿ, ಆಗಸ್ಟಿನ ಬಿಸಿಲಿನಲ್ಲಿ ಉಣ್ಣೆಯ ಮಫ್ಲರನ್ನು ಗಲ್ಲದವರೆಗೆ ಸುತ್ತಿಕೊಂಡಿದ್ದ. ಮಫ್ಲರು ನಿಜವಾದ ಜರ್ಮನಿಯದು. ಆ ಚಳಿಗಾಲದಿಂದ ಉಳಿದಿದ್ದ ಏಕೈಕ ಸಾಕ್ಷಿ. ಮಾವನ ಪಾಸ್‌ಪೋರ್ಟು ಅವನ ಒಳಜೇಬಿನಲ್ಲಿತ್ತು. ಯೂರೋಪಿನ ರೈಲ್ವೆ ಪಾಸಿನ ವಿಚಾರಕ್ಕೆಂದು ಟ್ರಾವೆಲ್ ಏಜೆಂಟಿನ ಬಳಿ ಒಯ್ದಿದ್ದ. ಅದು ಟ್ರಂಕಿನಲ್ಲಿದೆ ಎಂದು ಮಾವ ನಂಬಿದ್ದರು.

ರೈಲಿನಲ್ಲಿ ಕಂಡಕ್ಟರನನ್ನು ಶೇಷಾದ್ರಿಗಳು ಕೇಳಿದರು: “ಮೈಂಜ್‌ಗೆ ಇದೇ ರೈಲು ತಾನೇ?” ಕಂಡಕ್ಟರ್ ಟಿಕೆಟ್ಟಿನ ಮೇಲೆ ರೆಡ್‌ವುಡ್ ಸಿಟಿ ಎಂದಿರುವುದನ್ನು ನೋಡಿ, ಟಿಕೆಟ್ಟು ಸರಿಯಾಗಿರುವವರೆಗೆ ಪ್ರಯಾಣಿಕರ ನಂಬಿಕೆಗಳಲ್ಲಿ ರೈಲ್ವೆ ತಲೆಹಾಕಬಾರದೆಂದು ತೀರ್ಮಾನಿಸಿ ತೂತು ಹೊಡೆದು ಕೊಟ್ಟ. ಪಾಲೋ ಆಲ್ಟೋ ಬಂದಾಗ ಅವರು ಎದುರಿನ ವಿದ್ಯಾರ್ಥಿಗೆ “ಇದು ಹೈಡಲ್‌ಬರ್ಗ್. ಬಹಳ ಹಳೆಯ ವಿಶ್ವವಿದ್ಯಾಲಯ,” ಎಂದು ತಿಳಿಸಿದರು. ರಾತ್ರಿಯಿಡೀ ಓದಿದ್ದ ಆ ಹುಡುಗ ಕಣ್ಣುಜ್ಜಿಕೊಂಡು ಕಿಟಕಿಯ ಹೊರಗೆ ನೋಡಿ, ಸಂದೇಹದಿಂದಲೇ ಇಳಿದುಹೋದ.

ರೆಡ್‌ವುಡ್ ಸಿಟಿಯಲ್ಲಿ ಶೇಷಾದ್ರಿಗಳು ಇಳಿದರು. ಇಳಿಯಬೇಕಾದ ಕಡೆ, ಇಳಿಯಬೇಕಾದ ಬಾಗಿಲಿನಿಂದ. ಇಲ್ಲಿಯವರೆಗೆ ಪರೀಕ್ಷೆ ದೋಷರಹಿತವಾಗಿತ್ತು. ಶನಿವಾರ ರೈಲುಗಳು ಕಡಿಮೆ; ಮುಂದಿನದಕ್ಕೆ ಬಹಳ ಹೊತ್ತು ಕಾಯಬೇಕಿತ್ತು. ಅವರು ಬೆಂಚಿನ ಮೇಲೆ ಕೂತು ಪುಳಿಯೋಗರೆ ಮುಗಿಸಿ, ಪಕ್ಕದಲ್ಲಿದ್ದ ಬಿಳಿಗೂದಲಿನ ಅಮೆರಿಕನ್ ಅಜ್ಜಿಗೆ ಒಂದು ಕೋಡುಬಳೆ ಕೊಟ್ಟು, ಕಲೋನ್‌ಗೆ ಹೋಗುವ ರೈಲು ಯಾವ ಪ್ಲಾಟ್‌ಫಾರಮ್ಮಿಗೆ ಬರುತ್ತದೆ ಎಂದು ವಿಚಾರಿಸಿದರು.

ಅಜ್ಜಿ ಕೋಡುಬಳೆ ಕಡಿಯುವುದನ್ನು ನಿಲ್ಲಿಸಿದಳು. “ಇದು ಯಾವ ಊರು ಅಂತ ಗೊತ್ತಿದೆಯೇನಪ್ಪ?”

“ಮೈಂಜ್.”

“ಎಲ್ಲಿಂದ ಬಂದೆ?”

“ಸ್ಟುಟ್‌ಗಾರ್ಟಿನಿಂದ. ಬೆಳಿಗ್ಗೆ ಮನೆ ಬಿಟ್ಟೆ.”

ಅಜ್ಜಿಯ ಗಂಡನಿಗೂ ಕೊನೆಯ ದಿನಗಳಲ್ಲಿ ಹೀಗೇ ಆಗಿತ್ತು. ಅವಳು ಮೆಲ್ಲನೆ ಎದ್ದು ಸ್ಟೇಷನ್ನಿನ ಫೋನಿನತ್ತ ನಡೆದಳು. ಫೋನು ಮಾಡುತ್ತಿರುವಾಗಲೇ ಕಂಬದ ಹಿಂದೆ ಇನ್ನೊಬ್ಬ ಕಂಡ. ಬಿಸಿಲಲ್ಲಿ ಮಫ್ಲರು ಸುತ್ತಿದವನು, ರೈಲು ಹೋದಾಗಿನಿಂದ ಪೇಪರಿನ ಒಂದೇ ಪುಟ ಓದುತ್ತಿದ್ದವನು, ನಡುನಡುವೆ ಆ ಮುದುಕರನ್ನು ನೋಡಿ ತಲೆಯಾಡಿಸುತ್ತಿದ್ದವನು. ಅಜ್ಜಿ ಫೋನಿನಲ್ಲಿ ಇನ್ನೂ ಎರಡು ಮಾತು ಸೇರಿಸಿದಳು.

*

ಬಂದ ಪೊಲೀಸ್ ಅಧಿಕಾರಿ ಸೌಮ್ಯ ಸ್ವಭಾವದ, ದೊಡ್ಡ ಆಳು. ಶೇಷಾದ್ರಿಗಳ ಮುಂದೆ ಮೊಣಕಾಲೂರಿ, ಚಿಕ್ಕಮಕ್ಕಳನ್ನು ಕೇಳುವ ಹಾಗೆ ಕೇಳಿದ. ಇದು ಯಾವ ವರ್ಷ? ೧೯೮೬. ಯಾವ ತಿಂಗಳು? ಆಗಸ್ಟ್, ನಮ್ಮಲ್ಲಿ ಶ್ರಾವಣ. ಯಾವ ದೇಶ? ಜರ್ಮನಿ. ಪೂರ್ವವೋ ಪಶ್ಚಿಮವೋ ಎಂದು ಅಧಿಕಾರಿ ಕೇಳಲಿಲ್ಲ. ಶೇಷಾದ್ರಿಗಳೇ “ಪಶ್ಚಿಮ” ಎಂದು ಸೇರಿಸಿ, ಸಂಪೂರ್ಣ ಉತ್ತರಕ್ಕೆ ಪೂರ್ಣ ಅಂಕ ಎಂಬ ನಂಬಿಕೆಯಿಂದ ಕೂತರು.

ಇದನ್ನು ಕಂಡು ತಿರುಮಲೇಶನಿಗೆ ಕಂಬದ ಹಿಂದೆ ನಿಲ್ಲಲಾಗಲಿಲ್ಲ. ಓಡಿಬಂದ. “ಸರ್, ನಾನು ಇವರ ಅಳಿಯ. ಇದೊಂದು ಪರೀಕ್ಷೆ. ಸ್ಯಾನ್ ಹೋಸೆ ಮ್ಯೂನಿಕ್ ಇದ್ದ ಹಾಗೆ. ಮೌಂಟನ್ ವ್ಯೂ ಸ್ಟುಟ್‌ಗಾರ್ಟ್ ಇದ್ದ ಹಾಗೆ. ಕೊಲ್ಲಿ ರೈನ್ ನದಿ ಇದ್ದ ಹಾಗೆ…”

ಅವನು ಹೇಳಿದ್ದರಲ್ಲಿ ಒಂದು ಮಾತೂ ಸುಳ್ಳಿರಲಿಲ್ಲ. ಆದರೆ ಕೆಲವು ನಿಜಗಳು ಒಂಟಿಯಾಗಿರುವಾಗಷ್ಟೇ ನಿಜದಂತೆ ಕಾಣುತ್ತವೆ. ಅಧಿಕಾರಿ ಎದ್ದು ನಿಂತ. “ಈ ಮನುಷ್ಯ ನಿಮಗೆ ಗೊತ್ತೇ?” ಎಂದು ಶೇಷಾದ್ರಿಗಳನ್ನು ಕೇಳಿದ.

ಶೇಷಾದ್ರಿಗಳು ಅಳಿಯನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಪರೀಕ್ಷೆಯ ಕೋಣೆಯಲ್ಲಿ ಆಯುಷ್ಯ ಕಳೆದ ಮೇಷ್ಟರನ್ನು ಇಂಥ ಅಗ್ಗದ ಪ್ರಶ್ನೆಯಿಂದ ಬೀಳಿಸಲಾಗುತ್ತದೆಯೇ? “ಈ ಮಹನೀಯರನ್ನು ನಾನು ಹಿಂದೆಂದೂ ಕಂಡಿಲ್ಲ,” ಎಂದು ಮಹಾರಾಜರ ಕಾಲದ ಇಂಗ್ಲಿಷಿನಲ್ಲಿ ಹೇಳಿದರು. ಆಮೇಲೆ ನೆನಪಿಸಿಕೊಂಡು, “ಇಲ್ಲ, ಕಂಡಿದ್ದೇನೆ. ಸ್ಟುಟ್‌ಗಾರ್ಟಿನಿಂದಲೂ ನನ್ನ ಹಿಂದೆಯೇ ಬರುತ್ತಿದ್ದಾನೆ. ಬೇರೆ ಡಬ್ಬಿಯಲ್ಲಿ.”

“ಮಾವ!” ಎಂದು ತಿರುಮಲೇಶ ಕನ್ನಡಕ್ಕಿಳಿದ. “ಸಾಕು ಮಾಡಿ ಮಾವ! ಇವರು ನಿಜವಾದ ಪೊಲೀಸು!”

“ನೋಡಿದಿರಾ,” ಎಂದರು ಶೇಷಾದ್ರಿಗಳು ಅಧಿಕಾರಿಗೆ, “ನನ್ನ ಭಾಷೆಯಲ್ಲೇ ಮಾತಾಡುತ್ತಿದ್ದಾನೆ. ಸ್ಟೇಷನ್ನುಗಳಲ್ಲಿ ಇಂಥವರಿರುತ್ತಾರೆಂದು ನಮ್ಮ ಅಳಿಯಂದಿರು ಮೊದಲೇ ಎಚ್ಚರಿಸಿದ್ದರು.”

“ನಿಮ್ಮ ಅಳಿಯ ಎಲ್ಲಿದ್ದಾರೆ?”

“ಕ್ಯಾಲಿಫೋರ್ನಿಯಾದಲ್ಲಿ.”

“ನೋಡಲು ಹೇಗಿದ್ದಾರೆ?”

“ದೊಡ್ಡ ಜಾಣರು. ಇವನ ಹಾಗೆ ಬೆವರುವುದಿಲ್ಲ.”

ಮದುವೆಯಾದಂದಿನಿಂದ ಅಳಿಯನನ್ನು ‘ನೀವು’ ‘ತಾವು’ ಎಂದೇ ಕರೆದು ದಣಿದಿದ್ದ ಶೇಷಾದ್ರಿಗಳಿಗೆ ಜರ್ಮನಿಯ ಗಾಳಿ ಹಿತವಾಗಿರುವಂತೆ ಕಂಡಿತು.

ಅಧಿಕಾರಿ ತಿರುಮಲೇಶನ ಜೇಬುಗಳನ್ನು ತೋರಿಸಲು ಹೇಳಿದ. ಕರವಸ್ತ್ರ ಬಂತು, ಬೀಗದ ಕೈ ಬಂತು, ಒಳಜೇಬಿನಿಂದ ಪಾಸ್‌ಪೋರ್ಟು ಬಂತು. ಬಿಡಿಸಿದರೆ ಶೇಷಾದ್ರಿಗಳ ಮುಖ. ಅಜ್ಜಿ “ಅಯ್ಯೋ ದೇವರೇ” ಎಂದಳು.

“ಇದು ನಿಮ್ಮದೇ?”

“ನನ್ನದೇ!” ಶೇಷಾದ್ರಿಗಳು ನಿಜವಾಗಿಯೂ ಬೆಚ್ಚಿದರು. ಇದು ಪಾಠದಲ್ಲಿ ಇರಲಿಲ್ಲ. “ಟ್ರಂಕಿನಲ್ಲಿತ್ತಲ್ಲ! ಇವನ ಕೈಗೆ ಹೇಗೆ ಬಂತು?”

ತಿರುಮಲೇಶನನ್ನು ಪೊಲೀಸ್ ಕಾರಿನ ಹಿಂದಿನ ಸೀಟಿನಲ್ಲಿ, ತಂತಿಬಲೆಯ ಹಿಂದೆ ಕೂರಿಸಿದರು. ಅವನು ಮನೆಯ ಫೋನ್ ನಂಬರು ಕೊಟ್ಟ. ಯಾರೂ ಎತ್ತಲಿಲ್ಲ, ಊರ್ಮಿಳಾ ಗ್ರೋಸರಿಗೆ ಹೋಗಿದ್ದಳು. ದೇವದಾಸರ ನಂಬರು ಕೊಟ್ಟ. ಪೊಲೀಸರೆಂದು ಕೇಳಿದ ಕೂಡಲೇ ದೇವದಾಸರ ಕಣ್ಣ ಮುಂದೆ ಗ್ರೀನ್ ಕಾರ್ಡು ನಾಣ್ಯದಷ್ಟು ಚಿಕ್ಕದಾಗಿ, ಚುಕ್ಕೆಯಾಗಿ, ಮಾಯವಾಯಿತು. ತಿರುಮಲೇಶ ಗೊತ್ತು, ಅಂದರು. ಗೊತ್ತು ಅಂದರೆ ಮುಖ ಪರಿಚಯ. ಮುಖವನ್ನೂ ಹೆಚ್ಚು ನೋಡಿದ್ದಿಲ್ಲ. ಏಣಿಯ ವಿಷಯಕ್ಕೆ ಒಮ್ಮೆ ಮಾತಾಡಿದ್ದಿರಬಹುದು, ಏಣಿಯನ್ನು ಹಿಂದಿರುಗಿಸಿಯೂ ಆಗಿದೆ.

ಫೋನಿಟ್ಟವರು ಚಪ್ಪಲಿ ಹಾಕಿಕೊಳ್ಳದೆ ಕೆಳಗೆ ಓಡಿದರು. ಊರ್ಮಿಳಾ ಕಾರಿನಿಂದ ಹಾಲಿನ ಕ್ಯಾನು ಇಳಿಸುತ್ತಿದ್ದಳು.

“ಊರ್ಮಿಳಾ ಅವ್ರೆ! ನಿಮ್ಮ ಯಜಮಾನ್ರನ್ನು ಮೈಂಜಿನಲ್ಲಿ ಹಿಡಿದ್ರಂತೆ!”

“ಯಾರು ಹಿಡಿದ್ರು?”

“ಪೊಲೀಸ್ರು. ಜರ್ಮನಿಯವ್ರಲ್ಲ ಮಾರಾಯ್ರೆ, ಇಲ್ಲಿಯವ್ರೇ, ನಿಜದ್ದು! ನಿಮ್ಮ ತಂದೆಯವರ ಪಾಸ್‌ಪೋರ್ಟ್ ಹೊಡೆದದ್ದಂತೆ!”

“ಅಪ್ಪ ಏನಂದ್ರಂತೆ?”

“ಅವರೇ ಅಲ್ವಾ ಹಿಡಿಸಿದ್ದು!”

*

ಊರ್ಮಿಳಾ ದೇವದಾಸರನ್ನೂ ಕೂರಿಸಿಕೊಂಡು ಬಂದಿಳಿದಾಗ ಪ್ಲಾಟ್‌ಫಾರಮ್ಮಿನಲ್ಲಿ ಒಂದು ಸಣ್ಣ ಸಭೆ ನಡೆದಿತ್ತು. ಅಜ್ಜಿ, ಟಿಕೆಟ್ಟು ಕೊಡುವವನು, ಅಧಿಕಾರಿ ಮೂವರೂ ಕೋಡುಬಳೆ ತಿನ್ನುತ್ತಾ ಶೇಷಾದ್ರಿಗಳ ಸುತ್ತ ನಿಂತಿದ್ದರು. ತಿರುಮಲೇಶ ಮಾತ್ರ ಕಾರಿನ ಗಾಜಿಗೆ ಮೂಗು ಒತ್ತಿ ಕೂತಿದ್ದ. ಮಫ್ಲರನ್ನು ತೆಗೆಯಲು ಅವನಿಗೆ ಹೊಳೆದಿರಲಿಲ್ಲ.

“ಈ ವ್ಯಕ್ತಿ ಯಾರು ಅಂತ ಹೇಳಬಲ್ಲಿರಾ ಅಮ್ಮ?” ಎಂದು ಅಧಿಕಾರಿ ಕೇಳಿದ.

ಊರ್ಮಿಳಾ ಬಗ್ಗಿ ನೋಡಿದಳು. ಸಂತೆಯಲ್ಲಿ ಬದನೆಕಾಯಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡುವಷ್ಟು ಹೊತ್ತು ನೋಡಿದಳು. “ನನ್ನ ಗಂಡ,” ಎಂದಳು ಕೊನೆಗೆ.

ಅಧಿಕಾರಿಗೆ ಇದರಿಂದ ಪೂರ್ಣ ಸಮಾಧಾನವಾಗಲಿಲ್ಲ. ಗಂಡನಾಗಿರಬಹುದು, ಆದರೆ ಪಾಸ್‌ಪೋರ್ಟು ಹಿರಿಯರದು. ಅವರು ಈ ಮನುಷ್ಯನನ್ನು ಅರಿಯೆ ಅನ್ನುತ್ತಿದ್ದಾರೆ. ಅವರು ಒಪ್ಪುವವರೆಗೆ ತಾನು ಬಿಡುವಂತಿಲ್ಲ, ಎಂದ.

ಊರ್ಮಿಳಾ ತಂದೆಯ ಬಳಿಗೆ ಹೋದಳು. “ಅಪ್ಪ, ಏನಿದು? ಅವರು ಯಾರು ಅಂತ ಹೇಳು.”

ಶೇಷಾದ್ರಿಗಳು ದನಿ ತಗ್ಗಿಸಿದರು. “ಪರೀಕ್ಷೆ ಮುಗೀತಾ?”

“ಪರೀಕ್ಷೆನೂ ಇಲ್ಲ ಪಾಡೂ ಇಲ್ಲ! ಅವರನ್ನ ಪೊಲೀಸ್ ಸ್ಟೇಷನ್ನಿಗೆ ಕರ್ಕೊಂಡು ಹೋಗ್ತಾರಂತೆ!”

“ಅದು ಅವರ ವಿಷಯ. ನನ್ನದು ಹೇಳು. ಪಾಸೋ ಫೇಲೋ?”

“ಪೊಲೀಸ್ ಬಂದಿದಾರಲ್ಲಪ್ಪ! ಇದನ್ನ ಪಾಸು ಅಂತ ಹೇಗನ್ಲಿ? ಜರ್ಮನಿಯಲ್ಲಿ ಹೀಗಾದ್ರೆ ನಾನು ಯಾವ ಕಾರಲ್ಲಿ ಬರ್ಲಿ?”

ಶೇಷಾದ್ರಿಗಳ ಮುಖ ಒಂದು ಕ್ಷಣ ಚಿಕ್ಕದಾಯಿತು. ಆಮೇಲೆ ಕೋಟಿನ ಗುಂಡಿ ಹಾಕಿಕೊಂಡು ಎದ್ದು ನಿಂತರು.

“ಇಳಿಯೋ ಕಡೆ ಇಳಿದೆನೋ ಇಲ್ವೋ? ಇಳಿದೆ. ಕೇಳೋರನ್ನ ಕೇಳಿದೆ. ಪಾಸ್‌ಪೋರ್ಟು ನಾನು ಯಾರಿಗೂ ಕೊಡಲಿಲ್ಲ, ಮನೇಲೇ ಹೊಡೆದ್ರು. ಆ ಮನುಷ್ಯ ಬಂದು ಮಾವ ಅಂದ, ಕೈಮುಗಿದ, ಕಣ್ಣಲ್ಲಿ ನೀರು ಹಾಕಿದ. ನಂಬಿದೆನಾ? ನಿನ್ನ ಗಂಡನೇ ಹಾಕಿದ ನಿಯಮ, ನಿನ್ನ ಗಂಡನ ಮೇಲೇ ಪಾಲಿಸಿದೀನಿ. ಇದಕ್ಕಿಂತ ಇನ್ನೇನು ಪರೀಕ್ಷೆ ಬೇಕು ನಿನಗೆ?”

ದೇವದಾಸ್ ಪ್ಲಾಟ್‌ಫಾರಮ್ಮಿನ ಆ ತುದಿಯಲ್ಲಿ, ಯಾರಿಗೂ ಸಂಬಂಧಪಡದ ಪ್ರಯಾಣಿಕನಂತೆ ವೇಳಾಪಟ್ಟಿ ಓದುತ್ತಾ ನಿಂತಿದ್ದವರು, ತಿರುಗದೆಯೇ ಹೇಳಿದರು: “ನ್ಯಾಯ ಉಂಟು ಅವರ ಮಾತಿನಲ್ಲಿ.”

ಅರ್ಧ ಇಳಿಸಿದ್ದ ಕಾರಿನ ಗಾಜಿನ ಸಂದಿಯಿಂದ ಒಂದು ಆರ್ತನಾದ ಕೇಳಿಸಿತು. “ಪಾಸು ಮಾಡೇ! ಊರ್ಮಿಳಾ, ಪಾಸು ಮಾಡೇ! ರ‍್ಯಾಂಕ್ ಬೇಕಾದ್ರೂ ಕೊಡೇ!”

ಅವಳಿಗೆ ನಗು ಬಂತು. ಸಿಟ್ಟನ್ನು ಹುಡುಕಿದಳು, ಅಷ್ಟರಲ್ಲಿ ಅದು ಕೈ ಬಿಟ್ಟುಹೋಗಿತ್ತು.

“ಪಾಸು ಅಪ್ಪ. ಹೋಗಿ ಬಾ.”

“ಒಂದು ವಾರ?”

“ಒಂದು ವಾರ.”

“ಹತ್ತು ದಿನ ಇದ್ರೆ ಸ್ವಿಟ್ಜರ್ಲೆಂಡಿಂದ ಶುರು ಮಾಡಬಹುದು.”

“ಅಪ್ಪ!”

“ಸರಿ, ಸರಿ. ಒಂದು ವಾರ.” ಶೇಷಾದ್ರಿಗಳು ದೇವದಾಸರತ್ತ ಕೂಗಿದರು. “ಕೇಳಿಸ್ಕೊಂಡ್ರಲ್ಲ? ನೀವು ಸಾಕ್ಷಿ.” ಸಾಕ್ಷಿ ಎಂಬ ಪದಕ್ಕೆ ದೇವದಾಸ್ ಕಂಬದ ಹಿಂದೆ ಸರಿದರು.

ಆಮೇಲೆ ಶೇಷಾದ್ರಿಗಳು ಕನ್ನಡಕ ಒರೆಸಿಕೊಂಡು, ಯಾವ ಅವಸರವೂ ಇಲ್ಲದೆ ಪೊಲೀಸ್ ಕಾರಿನ ಬಳಿ ನಡೆದು, ಒಳಗೆ ಬಗ್ಗಿ ನೋಡಿದರು. ಅವರ ಮುಖ ಅರಳಿತು.

“ಓಹೋ, ಅಳಿಯಂದಿರು! ತಾವು ಯಾವಾಗ ಬಂದ್ರಿ?”

ಶೇಷಾದ್ರಿಗಳು ಅಧಿಕಾರಿಯ ಕಡೆ ತಿರುಗಿ, ಅವನ ತೋಳಿನ ಮೇಲೆ ಕೈಯಿಟ್ಟು, ಮನೆಯವರ ಕುಂದನ್ನು ಹೊರಗಿನವರಿಗೆ ಹೇಳುವಾಗ ಬರುವ ಮೆಲುದನಿಯಲ್ಲಿ ಹೇಳಿದರು:

“ಇವರು ನಮ್ಮ ಅಳಿಯಂದಿರೇ. ದಯವಿಟ್ಟು ಬಿಟ್ಟುಬಿಡಿ. ಸ್ವಲ್ಪ ಗಾಬರಿಯಾಗಿದ್ದಾರೆ, ಅಷ್ಟೇ. ಜರ್ಮನಿಗೆ ಹೊಸಬರು.”